‘ಸೂಜಿ ಹಾಕಲ್ಲ ಬಾ’ ಅಂತ ಮಕ್ಕಳಿಗೆ ಸುಳ್ಳು ಹೇಳಬೇಡಿ

ಮೊನ್ನೆ ಬೇರೆ ಸುದ್ದಿಗೆಂದು ತಾಲೂಕು ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಲ್ಯಾಬ್ ಮುಂದೆ ಗಲಾಟೆ. ನಾಲ್ಕು ವರ್ಷದ ಹುಡುಗನೊಬ್ಬ ಬಾಗಿಲು ಹಿಡಿದುಕೊಂಡು ಒಳಗೆ ಬರಲ್ಲ ಅಂತ ಕಿರುಚುತ್ತಿದ್ದ. ‘ಬಿಸ್ಕತ್ ಕೊಡಿಸ್ತೀನಿ ಅಂತ ಕರ್ಕೊಂಡ್ ಬಂದೆ, ಸುಳ್ಳಿ’ ಅಂತ ತಾಯಿಗೇ ಬೈಯುತ್ತಿದ್ದ. ಒಬ್ಬರು ಕಾಲು ಹಿಡಿದರು, ಇನ್ನೊಬ್ಬರು ತೋಳು ಅದುಮಿದರು. ಸೂಜಿ ಎರಡು ಸಲ ತಪ್ಪಿತು. ಕೊನೆಗೆ ‘ನಾಳೆ ಬಾರಮ್ಮ’ ಅಂತ ಕಳಿಸಿದರು.

ಹೊರಗೆ ಬಂದ ತಾಯಿ ಹೇಳಿದ್ದು ಇಷ್ಟೇ: ‘ಬಸ್ಸೇನೋ ಫ್ರೀ ಇದೆ ಸಾರ್, ನಾಳೆ ಕೂಲಿ ಯಾರು ಕೊಡ್ತಾರೆ?’

ಇದು ಆ ಹುಡುಗನ ತಪ್ಪಲ್ಲ. ಆ ತಾಯಿಯೊಬ್ಬಳ ತಪ್ಪೂ ಅಲ್ಲ. ನಮ್ಮೆಲ್ಲರ ಮನೆಯಲ್ಲಿ ನಡೆಯುವುದೇ ಇದು. ಊಟ ಮಾಡದಿದ್ದರೆ ‘ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ’. ಹಠ ಹಿಡಿದರೆ ‘ತಡಿ, ನರ್ಸಮ್ಮನ್ನ ಕರೀತೀನಿ’. ವರ್ಷಪೂರ್ತಿ ಸೂಜಿ ಅಂದರೆ ಶಿಕ್ಷೆ ಅಂತ ಹೇಳಿಕೊಡುತ್ತೇವೆ. ಒಂದು ದಿನ ಅದೇ ಸೂಜಿಗೆ ಕೈ ಚಾಚು ಅಂದರೆ, ತಾನೇನು ತಪ್ಪು ಮಾಡಿದೆ ಅಂತ ಮಗು ಹೆದರದೆ ಇನ್ನೇನು ಮಾಡೀತು?

ಹೀಗೆ ಹೇಳುವ ನಾವೂ ಸಾಚಾ ಅಲ್ಲ. ನಮ್ಮ ಮಗಳಿಗೆ ಮೊದಲ ಸಲ ರಕ್ತ ತೆಗೆಸುವಾಗ ‘ಏನೂ ಮಾಡಲ್ಲ, ಸುಮ್ನೆ ನೋಡ್ತಾರೆ’ ಅಂದಿದ್ದೆವು. ಆಮೇಲೆ ಎಷ್ಟೋ ದಿನ ಅವಳು ಮೆಡಿಕಲ್ ಶಾಪಿನ ಮೆಟ್ಟಿಲೂ ಹತ್ತಲಿಲ್ಲ. ಮೈಮೇಲೆ ಗಂಧೆ ಏಳುತ್ತಿತ್ತು, ಸೀನು ನಿಲ್ಲುತ್ತಿರಲಿಲ್ಲ. ಅಲರ್ಜಿ ಪರೀಕ್ಷೆಗೆ ಹೋದರೆ ಅಲ್ಲೂ ವಾಪಸ್ ಕಳಿಸಿದರು. ಈ ಸಲ ತಪ್ಪು ಪೂರ್ತಿ ನಮ್ಮದೇ. ಹಿಂದಿನ ರಾತ್ರಿ ನೆಗಡಿ ಸಿರಪ್ ಕುಡಿಸಿದ್ದೆವು.

ಅದಕ್ಕೇ ನಾವು ಕಲಿತದ್ದನ್ನು ಬರೆಯುತ್ತಿದ್ದೇವೆ.

ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಮುಂಗೈ ಅಥವಾ ಬೆನ್ನ ಮೇಲೆ ಧೂಳು, ಪರಾಗ, ಶೇಂಗಾ ಇಂಥವುಗಳ ದ್ರವವನ್ನು ಒಂದೊಂದು ಹನಿ ಇಟ್ಟು, ಮೇಲಿಂದ ಮೇಲೆ ಸಣ್ಣಗೆ ಚುಚ್ಚುತ್ತಾರೆ. ರಕ್ತ ತೆಗೆಯುವುದಿಲ್ಲ. 15ರಿಂದ 20 ನಿಮಿಷ ಕಾಯಬೇಕು. ಅಲರ್ಜಿ ಇರುವ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ ತುರಿಸುತ್ತದೆ. ಕೆರೆದುಕೊಳ್ಳಬಾರದು ಅಂತ ಮಗುವಿಗೆ ಮೊದಲೇ ಹೇಳಿ. ಸಿಟ್ರಿಜಿನ್‌ನಂಥ ಅಲರ್ಜಿ ಔಷಧಿ, ನೆಗಡಿ ಸಿರಪ್ ಕೊಟ್ಟಿದ್ದರೆ ಆ ಉಬ್ಬು ಏಳುವುದೇ ಇಲ್ಲ, ಪರೀಕ್ಷೆ ದಂಡ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಉಬ್ಬಸದ ಔಷಧಿಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ. ರಕ್ತದಲ್ಲಿ ಅಲರ್ಜಿ ನೋಡುವ ಪರೀಕ್ಷೆಗೆ ಈ ಔಷಧಿಗಳ ಅಡ್ಡಿಯಿಲ್ಲ.

ಎಷ್ಟೋ ಮಕ್ಕಳನ್ನು ಸುಮ್ಮನೆ ಉಪವಾಸ ಕರೆತರುತ್ತಾರೆ. ಹಿಮೋಗ್ಲೋಬಿನ್‌ಗಾಗಲಿ, ಅಲರ್ಜಿಯ ರಕ್ತಪರೀಕ್ಷೆಗಾಗಲಿ ಹೊಟ್ಟೆ ಖಾಲಿ ಇರಬೇಕಾಗಿಲ್ಲ. ಬೇರೆ ಪರೀಕ್ಷೆಗೆ ಬೇಕಾ ಅಂತ ಚೀಟಿ ಬರೆಸುವಾಗಲೇ ಕೇಳಿಕೊಳ್ಳಿ. ಚೆನ್ನಾಗಿ ನೀರು ಕುಡಿದ ಮಗುವಿನ ನರ ಬೇಗ ಸಿಗುತ್ತದೆ.

‘ಮೊದಲೇ ಸಣಕಲು, ಇರೋ ರಕ್ತಾನೂ ತೆಗೀತಾರೆ’ ಅನ್ನುವ ಅಜ್ಜಿಯರಿಗೆ ಒಂದು ಲೆಕ್ಕ. 15 ಕಿಲೋ ತೂಕದ ಮಗುವಿನ ಮೈಯಲ್ಲಿ 1 ಲೀಟರಿಗಿಂತ ಹೆಚ್ಚು ರಕ್ತ ಇರುತ್ತದೆ. ಸಾಮಾನ್ಯ ಪರೀಕ್ಷೆಗೆ ತೆಗೆಯುವುದು 2-3 ಎಂಎಲ್, ಅರ್ಧ ಟೀ ಚಮಚದಷ್ಟು. ಅದು ಬೇಗ ತುಂಬಿಕೊಳ್ಳುತ್ತದೆ.

ಮಗುವಿಗೆ ಏನು ಹೇಳಬೇಕು? ನಿಜ ಹೇಳಬೇಕು. ‘ನಿನಗೆ ಯಾಕೆ ತುರಿಸುತ್ತೆ ಅಂತ ನೋಡೋಕೆ ಚೂರು ರಕ್ತ ತಗೋತಾರೆ. ಇರುವೆ ಕಚ್ಚಿದ ಹಾಗೆ ನೋವಾಗುತ್ತೆ, ಬೇಗ ಮುಗಿಯುತ್ತೆ. ಅಳು ಬಂದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ.’ ಮೂರು ನಾಲ್ಕು ವರ್ಷದವರಿಗೆ ಅವತ್ತು ಬೆಳಿಗ್ಗೆ ಹೇಳಿದರೆ ಸಾಕು. ವಾರ ಮುಂಚೆ ಹೇಳಿದರೆ ವಾರವೆಲ್ಲ ಹೆದರುತ್ತವೆ. ಶಾಲೆಗೆ ಹೋಗುವವರಿಗೆ ಒಂದೆರಡು ದಿನ ಮೊದಲು ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಮನೆಯಲ್ಲಿ ಗೊಂಬೆಯ ಕೈಗೆ ರಕ್ತ ತೆಗೆಯುವ ಆಟ ಆಡಿಸಿ.

ಲ್ಯಾಬಿನಲ್ಲಿ ಮಲಗಿಸಿ ಅದುಮಬೇಡಿ. ತೊಡೆ ಮೇಲೆ ಕೂರಿಸಿ, ಅಪ್ಪಿ ಹಿಡಿಯಿರಿ. ಒಂದು ಕೈ ಸಿಬ್ಬಂದಿಗೆ ಕೊಟ್ಟರೆ ಸಾಕು. ಚುಚ್ಚುವ ಹೊತ್ತಿಗೆ ದೀಪ ಆರಿಸುವ ಹಾಗೆ ಉಫ್ ಅಂತ ಊದಲು ಹೇಳಿ. ಚರ್ಮ ಮರಗಟ್ಟಿಸುವ ಮುಲಾಮೂ ಇದೆ, ಸುಮಾರು 1 ಗಂಟೆ ಮೊದಲು ಹಚ್ಚಬೇಕು. ನೀವಾಗಿ ಹಚ್ಚಬೇಡಿ, ಡಾಕ್ಟರನ್ನು ಕೇಳಿ.

‘ನಲವತ್ತು ಜನ ಸಾಲಲ್ಲಿದ್ದಾರೆ, ಒಂದೊಂದು ಮಗುವನ್ನೂ ರಮಿಸ್ತಾ ಕೂರೋಕಾಗುತ್ತಾ?’ ಅಂತ ಲ್ಯಾಬಿನವರು ಕೇಳುತ್ತಾರೆ. ಅವರ ಕಷ್ಟ ನಿಜ. ಆದರೆ ಅವತ್ತು ಆ ಹುಡುಗನನ್ನು ಹಿಡಿಯಲು ಹೋದ ಹೊತ್ತಿನಲ್ಲಿ ನಾಲ್ಕು ಮಂದಿಯ ರಕ್ತ ತೆಗೆಯಬಹುದಿತ್ತು. ಚೀಟಿ ಬರೆಯುವಾಗಲೇ ‘ಹೀಗೆ ಹೇಳಿ ಕರ್ಕೊಂಡು ಬಾಮ್ಮ’ ಅಂದರೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಶಾಲೆಗೆ 1 ಸಲ ಬರಬೇಕು. ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಆ ತಂಡದವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್ ಈ ಮಾತು ಹೇಳಲಿ. ಇದಕ್ಕೆ ಹೊಸ ಯೋಜನೆ ಬೇಡ, ದುಡ್ಡೂ ಬೇಡ.

ಎರಡನೇ ಸಲ ನಮ್ಮ ಮಗಳಿಗೆ ನಿಜ ಹೇಳಿಯೇ ಕರೆದೊಯ್ದೆವು. ಅತ್ತಳು, ಆದರೆ ಕೈ ಅಲ್ಲಾಡಿಸಲಿಲ್ಲ. ಹೊರಗೆ ಬಂದವಳೇ ‘ಇರುವೆ ಅಲ್ಲ, ಕಟ್ಟಿರುವೆ’ ಅಂದಳು. ಒಪ್ಪಿಕೊಂಡು, ಮಾತು ಕೊಟ್ಟಿದ್ದ ಬಳಪದ ಡಬ್ಬಿ ಕೊಡಿಸಿದೆವು. ನೀವೂ ಏನಾದರೂ ಕೊಡಿಸ್ತೀನಿ ಅಂದಿದ್ದರೆ ಅವತ್ತೇ ಕೊಡಿಸಿಬಿಡಿ. ಮುಂದಿನ ಸಲವೂ ಆ ಮಗು ನಿಮ್ಮ ಮಾತನ್ನೇ ನಂಬಿ ಬರಬೇಕು.