ಕಡಲಿಗೆ ಶನಿವಾರ ಗೊತ್ತಿಲ್ಲ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಸ್ಲೀಪರ್ ಬಸ್ಸುಗಳು ಶನಿವಾರ ಬೆಳಗ್ಗೆ ಗೋಕರ್ಣ, ಮುರ್ಡೇಶ್ವರ, ಮಲ್ಪೆಗಳಲ್ಲಿ ಜನರನ್ನು ಇಳಿಸುತ್ತವೆ. ಭಾನುವಾರ ರಾತ್ರಿ ಅದೇ ಜನರನ್ನು ವಾಪಸು ಕರೆದೊಯ್ಯುತ್ತವೆ. ವರ್ಷಾಂತ್ಯದ ರಜೆಯಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಹೋಗಿಬಂದವರನ್ನು ವಿಚಾರಿಸಿದರೆ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಒಂದೇ: ಸೆಕೆ ತಡೆಯಲಾಗಲಿಲ್ಲ, ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ, ಮೈಮೇಲಿನ ಉಪ್ಪುನೀರು ತೊಳೆದುಕೊಳ್ಳಲು ನಲ್ಲಿ ಇರಲಿಲ್ಲ, ಹೆಂಗಸರಿಗೆ ಬಟ್ಟೆ ಬದಲಿಸಲು ಮರೆ ಇರಲಿಲ್ಲ, ನೀರಿಗಿಳಿಯುವಷ್ಟರಲ್ಲಿ ಸೀಟಿ ಊದಿ ಮೇಲಕ್ಕೆ ಕರೆದರು. ಈ ನಿರಾಸೆಗೆ ನಾವು ಕೊಟ್ಟುಕೊಳ್ಳುವ ಕಾರಣ ಎರಡೇ. ಊರು ಕೆಟ್ಟಿದೆ ಎನ್ನುತ್ತೇವೆ, ಇಲ್ಲವೇ ಜನ ಜಾಸ್ತಿಯಾದರು ಎನ್ನುತ್ತೇವೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಜನಸಂದಣಿ ಇಲ್ಲದ, ಚೊಕ್ಕಟವಾದ ತೀರಕ್ಕೆ ಹೋದವರೂ ಸಪ್ಪೆ ಮೋರೆ ಹಾಕಿಕೊಂಡು ಬರುವುದುಂಟಲ್ಲ? ಕಡಲು ತಿಥಿ, ಗಾಳಿ, ಋತುಗಳ ಲೆಕ್ಕದಲ್ಲಿ ನಡೆಯುತ್ತದೆ. ನಾವು ರಜೆಯ ಲೆಕ್ಕ ಹಿಡಿದು ಹೋಗುತ್ತೇವೆ. ಈ ಎರಡು ಲೆಕ್ಕಗಳನ್ನು ತಾಳೆ ಹಾಕಿ ಪ್ರವಾಸಿಗೆ ತಿಳಿಸುವ ಏರ್ಪಾಡನ್ನು ಕರ್ನಾಟಕ ತನ್ನ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಇನ್ನೂ ಸರಿಯಾಗಿ ಕಟ್ಟಿಲ್ಲ. ಪ್ರವಾಸ ಕೆಡುವುದು ಅಲ್ಲಿಂದ.

ಸೆಕೆಯನ್ನೇ ತೆಗೆದುಕೊಳ್ಳಿ. ಡಿಸೆಂಬರ್, ಜನವರಿ ಎಂದರೆ ಬೀಚಿಗೆ ಹೇಳಿಮಾಡಿಸಿದ ಕಾಲ ಎಂಬ ನಂಬಿಕೆ ಘಟ್ಟದ ಮೇಲಿನವರಲ್ಲಿ ಗಟ್ಟಿಯಾಗಿದೆ. ಹವಾಮಾನ ಇಲಾಖೆಯ ದಿನನಿತ್ಯದ ಪಟ್ಟಿಯನ್ನು ಗಮನಿಸುವವರಿಗೆ ಬೇರೆಯೇ ಸಂಗತಿ ಗೊತ್ತು. ಆ ತಿಂಗಳುಗಳಲ್ಲಿ ರಾಜ್ಯದ ಅತಿ ಹೆಚ್ಚು ಉಷ್ಣಾಂಶ ಎಷ್ಟೋ ದಿನ ದಾಖಲಾಗುವುದು ಕಲಬುರಗಿ, ರಾಯಚೂರುಗಳಲ್ಲಲ್ಲ. ಮಂಗಳೂರು, ಹೊನ್ನಾವರ, ಕಾರವಾರಗಳಲ್ಲಿ. ಚಳಿಗಾಲದ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಮೂಡಣಗಾಳಿ ಇಳಿದು ಬರುತ್ತದೆ, ತಂಪು ತರುವ ಕಡಲಗಾಳಿ ಅದನ್ನು ಹಿಂದೆ ಸರಿಸುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬಂದ ಕುಟುಂಬ ಲಾಡ್ಜು ಸೇರಿ, ಸ್ನಾನ, ತಿಂಡಿ ಮುಗಿಸಿ, ಹನ್ನೊಂದು ಗಂಟೆಗೆ ಮರಳಿಗೆ ಕಾಲಿಟ್ಟರೆ ಅವರ ಪಾಲಿಗೆ ಬರುವುದು ಇಡೀ ದಿನದಲ್ಲೇ ಕೆಟ್ಟ ಹೊತ್ತು. ಅದೇ ತೀರ ಬೆಳಗಿನ ಆರೂವರೆಗೆ ತಂಪಾಗಿ, ಬಹುಮಟ್ಟಿಗೆ ಖಾಲಿಯಾಗಿ ಇದ್ದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಉಬ್ಬರವಿಳಿತದ ಕಥೆಯೂ ಇಷ್ಟೇ. ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಸಮಯ ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ದೊಡ್ಡದಾಗುತ್ತದೆ. ಇಳಿತದಲ್ಲಿ ಮಕ್ಕಳು ಓಡಾಡಿ ಆಡಬಹುದಾದ ಅಗಲವಾದ ಗಟ್ಟಿ ಮರಳು, ಉಬ್ಬರದಲ್ಲಿ ನೀರಿನಡಿ ಇರುತ್ತದೆ. ಉಳ್ಳಾಲದಂತೆ ಕಡಲ್ಕೊರೆತಕ್ಕೆ ಸಿಕ್ಕಿ, ದಡಕ್ಕೆ ಬಂಡೆಗಲ್ಲು ಸುರಿದಿರುವ ಕಡೆ ಉಬ್ಬರದ ಹೊತ್ತಿಗೆ ಹೋದವರಿಗೆ ಉಳಿಯುವುದು ಕಲ್ಲುರಾಶಿ ಮತ್ತು ಸಣ್ಣದೊಂದು ಮರಳಪಟ್ಟಿ. ಮೀನುಗಾರರ ಕೇರಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕ, ಕೊಠಡಿ ಕಾಯ್ದಿರಿಸುವ ಯಾವ ಹಂತದಲ್ಲೂ ಪ್ರವಾಸಿಯ ಕಿವಿಗೆ ಬೀಳುವುದಿಲ್ಲ.

ರಜೆಯ ಸುಖ ಎಲ್ಲಿರುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ 1,530 ಜನರನ್ನು ಒಳಗೊಂಡ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪ್ರವಾಸಕ್ಕೆ ಹೊರಟವರು ಹೊರಡುವ ಮುಂಚೆ, ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಮರಳಿ ಬಂದ ಮೇಲೆ ಇಬ್ಬರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ತಮ್ಮ ರಜೆ ತುಂಬ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಆ ಸಂತೋಷ ಒಂದಷ್ಟು ದಿನ ಉಳಿದುಕೊಂಡಿತ್ತು. ಅಂದರೆ ಊರು ಯಾವುದು, ಎಷ್ಟು ಖರ್ಚಾಯಿತು ಎನ್ನುವುದಕ್ಕಿಂತ ಧಾವಂತವಿತ್ತೇ ಇಲ್ಲವೇ ಎನ್ನುವುದು ಮುಖ್ಯ. ನಮ್ಮ ವಾರಾಂತ್ಯದ ಬೀಚ್ ಪ್ರವಾಸ ಧಾವಂತದ ಮೇಲೆಯೇ ನಿಂತಿದೆ: ಎರಡು ದಿನದಲ್ಲಿ ದೇವಸ್ಥಾನ, ಜಲಪಾತ, ಕೋಟೆ, ದೋಣಿವಿಹಾರ, ನಡುವೆ ಎಲ್ಲೋ ಒಂದೆರಡು ಗಂಟೆ ಕಡಲು. ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಿಡುವಾಗಿ ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲೇ. ಅಂಥ ಬಿಡುವು ಎಲ್ಲರಿಗೂ ಸಿಗುವಂಥದ್ದಲ್ಲ, ನಿಜ. ಆದರೂ ಕಡಲು ಕೊಡುವುದನ್ನು ಕೊಡಲು ಒಂದಿಷ್ಟು ಹೊತ್ತು ಕೇಳುತ್ತದೆ. ಅದನ್ನು ಕೊಡದವರು ಬರಿಗೈಯಲ್ಲಿ ಮರಳುತ್ತಾರೆ.

ಬರಿಗೈಯಲ್ಲಿ ಮರಳಿದರೂ ಅಡ್ಡಿಯಿಲ್ಲ, ಮರಳಿದರೆ ಸಾಕು ಎನ್ನುವ ಮಟ್ಟಕ್ಕೂ ಇದು ಮುಟ್ಟಿದೆ. 2024ರ ಡಿಸೆಂಬರ್ 10ರ ಸಂಜೆ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕೆರೆಯ ನೀರು ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ದಡಕ್ಕೆ ಬಂದು ಬಿದ್ದ ಅಲೆಗಳ ನೀರು ಮರಳದಿಬ್ಬಗಳ ನಡುವಿನ ಇಕ್ಕಟ್ಟಾದ ಸಂದಿಯಿಂದ ರಭಸವಾಗಿ ಹಿಂದಕ್ಕೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ, ನುರಿತ ಈಜುಗಾರರೂ ಅದರೆದುರು ಈಜಿ ದಡ ಸೇರಲಾರರು. ಇಳಿತದ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಬಲಗೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅಲ್ಲೇ ನೀರು ಶಾಂತವಾಗಿ ಕಾಣುತ್ತದೆ, ಅಂಜುಬುರುಕರು ಅಲ್ಲಿಗೇ ಹೋಗುತ್ತಾರೆ. ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು. ಈಜು ಬಾರದವರಿಗೆ ಆ ದಾರಿಯೂ ಇಲ್ಲ. ನಿರಾಸೆ ಮತ್ತು ಸಾವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಎರಡರ ಹಿಂದೆಯೂ ಇರುವುದು ಅದೇ ಕೊರತೆ: ಈ ಹೊತ್ತು, ಈ ಜಾಗದಲ್ಲಿ ಕಡಲು ಹೇಗಿದೆ ಎಂದು ಹೊರಗಿನಿಂದ ಬಂದವರಿಗೆ ಹೇಳುವವರಿಲ್ಲ.

ದುಡಿಯುವವರಿಗೆ ಸಿಗುವುದೇ ಎರಡು ದಿನ, ಅದನ್ನು ಬಿಟ್ಟು ಯಾವಾಗ ಹೋಗಬೇಕು ಎಂಬ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ. ಕಂಪನಿಯ ರಜೆ, ಮಕ್ಕಳ ಪರೀಕ್ಷೆ, ಸಾಲದ ಕಂತು ಇವುಗಳ ನಡುವೆ ಹಿಂಡಿ ತೆಗೆದ ಎರಡು ದಿನವದು. ಅದನ್ನು ಹಳಿಯುವುದಕ್ಕೆ ಮನಸ್ಸು ಬರುವುದಿಲ್ಲ. ಹಾಗೆಂದೇ ಆ ಎರಡು ದಿನ ವ್ಯರ್ಥವಾಗಬಾರದು. ಶನಿವಾರ ಇಳಿತ ಎಷ್ಟು ಹೊತ್ತಿಗೆ, ಗಾಳಿ ತಿರುಗುವುದು ಯಾವಾಗ, ಅಲೆಯ ಎತ್ತರ ಎಷ್ಟು ಎಂಬುದು ಗುರುವಾರವೇ ತಿಳಿದಿದ್ದರೆ ಮಧ್ಯಾಹ್ನವನ್ನು ಊಟಕ್ಕೆ, ನಿದ್ದೆಗೆ ಇಟ್ಟುಕೊಂಡು, ಮುಂಜಾನೆ, ಸಂಜೆಗಳನ್ನು ಕಡಲಿಗೆ ಕೊಡಬಹುದು. ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ನಾಲ್ಕನ್ನು ಹೊಡೆದುಹಾಕಬಹುದು. ಮಾಹಿತಿಯೇನೂ ಇಲ್ಲವೆಂದಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಅಲೆ, ಪ್ರವಾಹ, ಉಬ್ಬರಗಳ ಮುನ್ಸೂಚನೆಯನ್ನು ಕೊಡುತ್ತಲೇ ಇದೆ, ಮೀನುಗಾರರು ಬಳಸುತ್ತಲೂ ಇದ್ದಾರೆ. ಅದು ಬೀಚಿನ ಬಾಗಿಲಿಗೆ, ಲಾಡ್ಜಿನ ಕೌಂಟರಿಗೆ, ಬಸ್ ಟಿಕೆಟ್ಟಿನ ಜತೆ ಬರುವ ಸಂದೇಶಕ್ಕೆ, ಕನ್ನಡದಲ್ಲಿ ತಲುಪಿಲ್ಲ ಅಷ್ಟೆ.

ಎಷ್ಟು ಹೇಳಿದರೂ ಜನ ಕೇಳುವುದಿಲ್ಲ, ನಿಷೇಧವೇ ಮದ್ದು ಎನ್ನುವವರಿದ್ದಾರೆ. ಮುರ್ಡೇಶ್ವರದ ದುರಂತದ ನಂತರ ಅಲ್ಲಿನ ಕಡಲಿಗೆ ಇಳಿಯುವುದನ್ನು ಕೆಲಕಾಲ ತಡೆಯಲಾಯಿತು. ಆಗಿನ ಆಘಾತದಲ್ಲಿ ಬೇರೆ ದಾರಿ ಇರಲಿಲ್ಲ. ಮಳೆಗಾಲದ ನಿರ್ಬಂಧಕ್ಕಂತೂ ನನ್ನ ಪೂರ್ಣ ಬೆಂಬಲವಿದೆ. ಉಳಿದ ತಿಂಗಳುಗಳಲ್ಲಿ ಮಾತ್ರ ಪೂರ್ತಿ ಮುಚ್ಚುವುದು, ಆಮೇಲೆ ಪೂರ್ತಿ ತೆರೆಯುವುದು, ಎರಡೂ ಕಡಲು ಎಲ್ಲ ದಿನ ಒಂದೇ ಥರ ಇರುತ್ತದೆ ಎಂಬ ತಪ್ಪು ತಿಳಿವಳಿಕೆಯ ಮೇಲೆ ನಿಂತಿವೆ. ‘ಇಲ್ಲಿ ಈಜುವುದು ಅಪಾಯಕಾರಿ’ ಎಂದು ವರ್ಷವಿಡೀ ನಿಂತಿರುವ ಫಲಕವನ್ನು ಜನ ಓದುವುದಿಲ್ಲ, ಯಾಕೆಂದರೆ ಅದು ಇವತ್ತಿನ ಬಗ್ಗೆ ಏನೂ ಹೇಳುವುದಿಲ್ಲ. ಆಸ್ಟ್ರೇಲಿಯದ ತೀರಗಳಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು, ಆ ಬಾವುಟಗಳನ್ನು ನೀರಿನ ಸ್ಥಿತಿ ನೋಡಿ ನೆಡುತ್ತಾರೆ. ಪಕ್ಕದ ಗೋವಾ 2008ರಿಂದ ತರಬೇತಾದ ಜೀವರಕ್ಷಕರ ಪಡೆಯನ್ನು ತನ್ನ ತೀರಗಳಲ್ಲಿ ನಿಲ್ಲಿಸಿದೆ. ನಮ್ಮಲ್ಲೂ ಜೀವರಕ್ಷಕರಿದ್ದಾರೆ, ಎಷ್ಟೋ ಜೀವ ಉಳಿಸಿದ್ದಾರೆ. ಆದರೆ ರಜೆಯ ದಿನದ ಜನಸಾಗರಕ್ಕೆ ಅವರ ಸಂಖ್ಯೆ ಸಾಲದು.

ವಾರಾಂತ್ಯದ ಗಿರಾಕಿಗಳೇ ಕರಾವಳಿಯ ಅಂಗಡಿ, ಖಾನಾವಳಿ, ದೋಣಿಯವರ ಹೊಟ್ಟೆ ಹೊರೆಯುವವರು, ಎಚ್ಚರಿಕೆ ಹೆಚ್ಚಾದರೆ ಅವರು ಬರುವುದನ್ನೇ ಬಿಟ್ಟಾರು ಎಂಬ ಆತಂಕವನ್ನೂ ತಳ್ಳಿಹಾಕಲಾಗದು. ಆದರೆ ಬೇಸರಪಟ್ಟು ಹೋದ ಗಿರಾಕಿ ಮತ್ತೆ ಬರುವುದಿಲ್ಲ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಸುರಕ್ಷತೆ, ಪರಿಸರ ನಿರ್ವಹಣೆ ಸೇರಿ 33 ಮಾನದಂಡಗಳನ್ನು ಪೂರೈಸಿದ ಮೇಲೆ ಸಿಗುವ ಮಾನ್ಯತೆಯದು. ಶೌಚಾಲಯ, ಸ್ನಾನದ ನೀರು, ಬಟ್ಟೆ ಬದಲಿಸುವ ಕೋಣೆ, ಕಾವಲು ಇವನ್ನು ನಮ್ಮ ಕೈಲೂ ಒದಗಿಸಲಾಗುತ್ತದೆ ಎಂಬುದಕ್ಕೆ ಆ ಎರಡು ತೀರಗಳೇ ಸಾಕ್ಷಿ. ಇಷ್ಟನ್ನು ಎರಡು ಊರುಗಳ ಗೌರವವಾಗಿ ಉಳಿಸದೆ, ಜನ ಹೆಚ್ಚು ಸೇರುವ ಗೋಕರ್ಣ, ಮುರ್ಡೇಶ್ವರ, ಮಲ್ಪೆ, ಸೋಮೇಶ್ವರಗಳಲ್ಲಿ ಕನಿಷ್ಠ ಸೌಲಭ್ಯವೆಂದು ಗೊತ್ತುಪಡಿಸಬೇಕು. ಆ ದಿನದ ಉಬ್ಬರ, ಇಳಿತ, ಅಲೆ, ಸೆಳೆತದ ಜಾಗಗಳನ್ನು ಬೆಳಗ್ಗೆ ಬರೆದು, ಸಂಜೆ ತಿದ್ದುವ ಫಲಕ ಪ್ರತಿ ತೀರದ ಪ್ರವೇಶದಲ್ಲಿ ಇರಬೇಕು. ಅದನ್ನು ಬರೆಯುವ ಕೆಲಸಕ್ಕೆ ಆ ನೀರನ್ನು ಬಲ್ಲ ಮೀನುಗಾರರ ಮನೆಯ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ನೇಮಿಸಬೇಕು, ವಾಹನ ನಿಲುಗಡೆಗೆ ಪ್ರವಾಸಿಗರಿಂದ ವಸೂಲಾಗುವ ಹಣದಲ್ಲಿ ಒಂದು ಪಾಲನ್ನು ಇದಕ್ಕೇ ತೆಗೆದಿಡಬೇಕು. ಶಾಲೆಗಳ ಪ್ರವಾಸಕ್ಕೆ ಅನುಮತಿ ಕೊಡುವ ಶಿಕ್ಷಣ ಇಲಾಖೆ, ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ದಿನ ಮತ್ತು ಹೊತ್ತನ್ನು ಆ ತೀರದ ಜೀವರಕ್ಷಕರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆದ ಮೇಲಷ್ಟೇ ಬಸ್ಸು ಹೊರಡಲು ಬಿಡಬೇಕು.