ಬಾಗಿಲು ದೊಡ್ಡದಾದರೆ ಸಾಕೇ? ರೋಟರಿ ಎಂಜಿನಿನ ಪೋರ್ಟ್ ಕೆತ್ತುವವರ ಬಗ್ಗೆ ಒಂದು ಮಾತು

ಮಕ್ಕಳೇ, ಮಜ್ದಾ ಆರ್‌ಎಕ್ಸ್-7 ಕಾರಿನ ವಿಡಿಯೋವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಗಾಡಿ ನಿಂತಲ್ಲೇ ನಿಂತಿರುತ್ತದೆ, ಎಂಜಿನು ಮಾತ್ರ ‘ಬ್ರಾಪ್... ಬ್ರಾಪ್... ಬ್ರಾಪ್’ ಎಂದು ಕುಂಟುತ್ತಾ ಗುಡುಗುತ್ತದೆ. “ಅದು ಪೋರ್ಟ್ ಮಾಡಿಸಿದ ಗಾಡಿ ಸರ್, ಪವರ್ ಡಬಲ್!” ಅಂತ ತರಗತಿಯಲ್ಲಿ ಹೇಳುವವರೂ ಉಂಟು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟರ್ಬೊ ಇರುವ, ದಿನಾ ರಸ್ತೆಯಲ್ಲಿ ಓಡಬೇಕಾದ ರೋಟರಿ ಕಾರಿಗೆ ಆ ಸದ್ದು ಬರುವಷ್ಟು ಪೋರ್ಟ್ ಕೆತ್ತಿಸುವುದು ನಷ್ಟದ ಕೆಲಸ. ಯಾಕೆ ಅಂತ ಕೇಳುತ್ತೀರಲ್ಲ, ಒಂದೊಂದಾಗಿ ನೋಡೋಣ.

ರೋಟರಿ ಎಂಜಿನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ನೆಲಗಡಲೆ ಕಾಯಿಯ ಹಾಗೆ ನಡು ತುಸು ಸಣ್ಣಗಾದ ಒಂದು ಕೋಣೆ, ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದಂಥ ರೋಟರ್. ಅದು ತಿರುಗಿದಂತೆ ಅದರ ಮೂರು ಬದಿಗಳಿಗೂ ಕೋಣೆಯ ಗೋಡೆಗೂ ನಡುವಿನ ಜಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಹೀರುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು, ನಾಲ್ಕೂ ಕೆಲಸ ಅಲ್ಲೇ ನಡೆಯುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಈ ಎಂಜಿನು ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ಸಲ ಓಡಿತು. ಜಪಾನಿನ ಹಿರೋಶಿಮಾದ ಮಜ್ದಾ ಕಂಪನಿ 1967ರಲ್ಲಿ ಎರಡು ರೋಟರ್‌ಗಳ ಕಾಸ್ಮೊ ಸ್ಪೋರ್ಟ್ ಕಾರನ್ನು ಮಾರಾಟಕ್ಕೆ ತಂದಿತು. ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವ ಆರ್‌ಎಕ್ಸ್-7ರ ಕೊನೆಯ ಮಾದರಿ 1991ರ ಕೊನೆಯಲ್ಲಿ ಬಂತು. ಅದರ ಎಂಜಿನಿನ ಹೆಸರು 13ಬಿ.

ಅದರ ಗಾತ್ರವನ್ನು ನೀವೇ ಲೆಕ್ಕ ಹಾಕಬಹುದು. ರೋಟರಿನ ಕೇಂದ್ರದಿಂದ ತುದಿಗೆ 10.5 ಸೆಂ.ಮೀ., ರೋಟರಿನ ಕೇಂದ್ರ ಶಾಫ್ಟಿನ ಕೇಂದ್ರದಿಂದ ಸರಿದಿರುವ ದೂರ 1.5 ಸೆಂ.ಮೀ., ರೋಟರಿನ ದಪ್ಪ 8 ಸೆಂ.ಮೀ. ಈ ಮೂರನ್ನೂ ಗುಣಿಸಿ, ಬಂದದ್ದನ್ನು 3√3ರಿಂದ ಗುಣಿಸಿ. ಸುಮಾರು 654 ಸಿಸಿ ಸಿಗುತ್ತದೆ. ಎರಡು ರೋಟರ್ ಇರುವುದರಿಂದ 1308 ಸಿಸಿ. ಕಂಪನಿ ಹೇಳುವ ಲೆಕ್ಕವೂ ಅದೇ.

ಈಗ ಪೋರ್ಟಿನ ವಿಷಯಕ್ಕೆ ಬರೋಣ. ಸಾಮಾನ್ಯ ಕಾರಿನಲ್ಲಿ ಗಾಳಿ ಬರುವ ದಾರಿಯನ್ನು ವಾಲ್ವು ತೆರೆದು ಮುಚ್ಚುತ್ತದೆ. ರೋಟರಿಯಲ್ಲಿ ವಾಲ್ವು ಇಲ್ಲ. ಪಕ್ಕದ ಬೀಡುಕಬ್ಬಿಣದ ಫಲಕದಲ್ಲಿ ಒಂದು ತೂತು ಇದೆ, ತಿರುಗುವ ರೋಟರೇ ಅದನ್ನು ತೆರೆಯುತ್ತದೆ, ಅದೇ ಮುಚ್ಚುತ್ತದೆ. ನಮ್ಮ ಕಡೆ ಈಗಲೂ ಹುಡುಗರು ಹುಡುಕಿಕೊಂಡು ಹೋಗುವ ಯಮಹಾ ಆರ್‌ಎಕ್ಸ್ 100 ಬೈಕಿನ ಸಿಲಿಂಡರಿನಲ್ಲೂ ಹೀಗೇ ಗೋಡೆಯಲ್ಲಿ ಪೋರ್ಟುಗಳಿವೆ, ಅಲ್ಲಿ ಪಿಸ್ಟನ್ ಬಾಗಿಲಿನ ಕೆಲಸ ಮಾಡುತ್ತದೆ. ಅಂದರೆ ಪೋರ್ಟಿನ ಒಂದು ಅಂಚು ಎಲ್ಲಿದೆ ಎಂಬುದೇ ಅದು ಯಾವಾಗ ತೆರೆಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಇನ್ನೊಂದು ಅಂಚು ಯಾವಾಗ ಮುಚ್ಚುತ್ತದೆ ಎಂಬುದನ್ನು. ಪೋರ್ಟ್ ಕೆತ್ತುವವರು ತೂತು ದೊಡ್ಡದು ಮಾಡುತ್ತೇವೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅವರು ಗಡಿಯಾರದ ಮುಳ್ಳನ್ನು ಸರಿಸುತ್ತಿರುತ್ತಾರೆ.

ಈ ಎಂಜಿನಿನಲ್ಲಿ ಒಂದೊಂದು ಕೆಲಸಕ್ಕೂ ಶಾಫ್ಟ್ 270 ಡಿಗ್ರಿ ತಿರುಗುತ್ತದೆ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು. ಆಗ ಗಾಳಿ ಹೀರಲು ಸಿಗುವ ಸಮಯ ಬರೇ 7.5 ಮಿಲಿಸೆಕೆಂಡ್. 2000 ಸುತ್ತಿನಲ್ಲಾದರೆ 22.5 ಮಿಲಿಸೆಕೆಂಡ್. ವೇಗ ಹೆಚ್ಚಿದ್ದಾಗ ಒಳಗೆ ನುಗ್ಗುವ ಗಾಳಿಗೂ ಓಟದ ರಭಸ ಇರುತ್ತದೆ, ಕೋಣೆ ಕುಗ್ಗಲು ಶುರುವಾದ ಮೇಲೂ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಹಾಗಾಗಿ ತಡವಾಗಿ ಮುಚ್ಚುವ ಪೋರ್ಟಿನಿಂದ ಅಲ್ಲಿ ಲಾಭ. ಆದರೆ 2000 ಸುತ್ತಿನಲ್ಲಿ ಗಾಳಿಗೆ ಆ ರಭಸ ಇಲ್ಲ. ಬಾಗಿಲು ಇನ್ನೂ ತೆರೆದಿದೆ, ರೋಟರ್ ಒತ್ತಲು ಶುರು ಮಾಡಿದೆ, ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ರಸ್ತೆಯಲ್ಲಿ ಓಡುವ ಕಾರು ಹೆಚ್ಚು ಹೊತ್ತು ಕಳೆಯುವುದು ಇಂಥ ಕಡಿಮೆ ಸುತ್ತಿನಲ್ಲೇ ಅಲ್ವಾ?

ಇದಕ್ಕಿಂತ ಕೆಟ್ಟದ್ದು ತೆರೆಯುವ ಅಂಚಿನ ಕತೆ. ‘ಬ್ರಿಡ್ಜ್ ಪೋರ್ಟ್’ ಅಂತ ಒಂದು ಬಗೆ ಉಂಟು. ಮೂಲ ಪೋರ್ಟಿನ ಹೊರಗಡೆ ಹುಬ್ಬಿನ ಆಕಾರದಲ್ಲಿ ಇನ್ನೊಂದು ಸೀಳು ಕೆತ್ತಿ, ಎರಡರ ನಡುವೆ ಕಬ್ಬಿಣದ ಒಂದು ತೆಳು ಸೇತುವೆ ಬಿಡುತ್ತಾರೆ. ಸೀಲು ಆ ಸೇತುವೆಯ ಮೇಲೆ ಜಾರಿ ದಾಟಬೇಕು. ಹೀಗೆ ಮಾಡಿದರೆ ಪೋರ್ಟ್ ಬಹಳ ಬೇಗ ತೆರೆಯುತ್ತದೆ. ಎಷ್ಟು ಬೇಗ ಎಂದರೆ ಹೊಗೆ ಹೋಗುವ ಪೋರ್ಟ್ ಇನ್ನೂ ಮುಚ್ಚಿರುವುದಿಲ್ಲ.

ಸಂಜೆ ಕಾಸರಗೋಡು ಬಸ್ ನಿಲ್ದಾಣದಲ್ಲಿ ಬದಿಯಡ್ಕದ ಬಸ್ಸು ಬಂದಾಗ ನೋಡಿ. ಇಳಿಯುವವರು ಇಳಿದು ಮುಗಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ. ಒಳಗಿನ ನೂಕು ಹೊರಗಿನ ನೂಕಿಗಿಂತ ಜೋರಾಗಿದ್ದರೆ ಹತ್ತಲು ಹೋದವರು ಹಿಂದಕ್ಕೆ ಬೀಳುತ್ತಾರೆ. ಎಂಜಿನಿನಲ್ಲೂ ಹೀಗೆಯೇ. ಟರ್ಬೊ ಎಂದರೆ ಹೊಗೆಯ ದಾರಿಯಲ್ಲಿ ಇಟ್ಟ ಒಂದು ಚಕ್ರ. ಹೊಗೆ ಅದನ್ನು ತಿರುಗಿಸುತ್ತದೆ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಅಡ್ಡ ಚಕ್ರ ಇರುವುದರಿಂದ ಹೊಗೆಯ ಕಡೆ ಒತ್ತಡ ಕಟ್ಟಿಕೊಳ್ಳುತ್ತದೆ. ರಸ್ತೆ ಕಾರಿನ ಸಣ್ಣ ಟರ್ಬೊಗಳಲ್ಲಿ ಅದು ಗಾಳಿಯ ಕಡೆಯ ಒತ್ತಡವನ್ನು ಮೀರುವುದೂ ಸಾಮಾನ್ಯ. ಆಗ ಎರಡು ಬಾಗಿಲೂ ಒಟ್ಟಿಗೆ ತೆರೆದಿದ್ದರೆ ಹೊಗೆಯೇ ಹೊಸ ಗಾಳಿಯ ದಾರಿಗೆ ನುಗ್ಗುತ್ತದೆ. ಹೊಗೆ ಬೆರೆತ ಗಾಳಿ ಸರಿಯಾಗಿ ಉರಿಯುವುದಿಲ್ಲ. ಒಂದು ಸಲ ಉರಿಯುತ್ತದೆ, ಇನ್ನೊಂದು ಸಲ ತಪ್ಪುತ್ತದೆ. ನೀವು ಮೆಚ್ಚುವ ‘ಬ್ರಾಪ್ ಬ್ರಾಪ್’ ಇದೇ: ನಿಂತ ಗಾಡಿಯಲ್ಲಿ ಉರಿ ತಪ್ಪುತ್ತಿರುವ ಸದ್ದು. ಉರಿಯದ ಪೆಟ್ರೋಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ದುಡ್ಡು ಕೊಟ್ಟದ್ದು ನಾವು.

“ರೇಸಿನಲ್ಲಿ ಗೆದ್ದದ್ದು ಅಂಥ ಎಂಜಿನೇ ಅಲ್ವಾ ಸರ್?” ಅಂತ ಕೇಳಬಹುದು. ಹೌದು. 1991ರ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಗೆದ್ದ ಮಜ್ದಾ 787ಬಿ ಕಾರಿನ ನಾಲ್ಕು ರೋಟರ್ ಎಂಜಿನಿಗೆ ಪೋರ್ಟ್ ಪಕ್ಕದ ಫಲಕದಲ್ಲಿ ಇರಲಿಲ್ಲ, ಹೊರಗೋಡೆಯಲ್ಲೇ ಇತ್ತು. ಎರಡು ಬಾಗಿಲು ಒಟ್ಟಿಗೆ ತೆರೆದಿರುವ ಹೊತ್ತು ಅಲ್ಲಿ ಇನ್ನೂ ಹೆಚ್ಚು. ಆದರೆ ಆ ಎಂಜಿನಿಗೆ ಟರ್ಬೊ ಇರಲಿಲ್ಲ! ಅಷ್ಟೇ ಅಲ್ಲ, ಕಡಿಮೆ ಸುತ್ತಿನಲ್ಲೂ ಎಳೆತ ಬರಲಿ ಎಂದು ಗಾಳಿಯ ಕೊಳವೆಗಳು ಓಡುವಾಗಲೇ ಉದ್ದ ಗಿಡ್ಡ ಆಗುವ ಏರ್ಪಾಡು ಮಾಡಿದ್ದರು. ರೇಸಿನವರಿಗೂ ಈ ಚಿಂತೆ ಇತ್ತು ಅಂತಾಯಿತು. ಮುಂದೆ 2003ರ ಆರ್‌ಎಕ್ಸ್-8 ಕಾರಿನಲ್ಲಿ ಅದೇ ಕಂಪನಿ ಹೊಗೆಯ ಪೋರ್ಟನ್ನೂ ಪಕ್ಕದ ಫಲಕಕ್ಕೆ ತಂದು, ಎರಡು ಬಾಗಿಲು ಒಟ್ಟಿಗೆ ತೆರೆಯುವುದನ್ನೇ ಇಲ್ಲವಾಗಿಸಿತು. ಎಂಜಿನಿಯರುಗಳು ಕಷ್ಟಪಟ್ಟು ತೆಗೆದುಹಾಕಿದ್ದನ್ನು ದುಡ್ಡು ಕೊಟ್ಟು ಮತ್ತೆ ಮಾಡಿಸಿಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ.

ಹಾಗಂತ ಪೋರ್ಟಿಗೆ ಕೈಯೇ ಹಾಕಬಾರದು ಅಂತ ನಾನು ಹೇಳುವುದಿಲ್ಲ. ‘ಸ್ಟ್ರೀಟ್ ಪೋರ್ಟ್’ ಎಂಬ ಹಗುರ ಕೆತ್ತನೆಯ ಪರವಾಗಿ ಒಳ್ಳೆಯ ವಾದ ಇದೆ. ದಾರಿ ಸಲೀಸಾದರೆ ಅಷ್ಟೇ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಕಳಿಸಬಹುದು. ಒತ್ತಡ ಕಡಿಮೆ ಆದರೆ ಗಾಳಿ ಕಾಯುವುದೂ ಕಡಿಮೆ, ಇಂಧನ ತಾನಾಗಿಯೇ ಸಿಡಿಯುವ ಅಪಾಯವೂ ಕಡಿಮೆ. ರೋಟರಿನ ತುದಿಯ ಸೀಲು ಮುರಿಯುವುದು ಹೆಚ್ಚಾಗಿ ಆ ಸಿಡಿತದಿಂದಲೇ. ಸೀಲು ಸವೆದು ಎಂಜಿನು ಹೇಗೂ ಬಿಚ್ಚಿದ್ದರೆ, ತಗಡಿನ ಅಚ್ಚು ಇಟ್ಟು ಗೆರೆ ಹಾಕಿ, ಆ ಗೆರೆಯೊಳಗೇ ಉಜ್ಜುವುದು ತಪ್ಪಲ್ಲ. ಆದರೆ ಗೆರೆ ಎಲ್ಲಿ ಎಂಬುದು ಮನಸ್ಸಿಗೆ ಬಂದ ಹಾಗಲ್ಲ. ಒಳಗಡೆ ಎಣ್ಣೆ ಸೀಲಿನ ದಾರಿ ಇದೆ, ಅದನ್ನು ಮುಟ್ಟುವಂತಿಲ್ಲ. ಹೊರಗಡೆ ಮೂಲೆಯ ಸೀಲಿನ ದಾರಿ ಇದೆ, ಅದರ ಕೆಳಗಿನ ಆಸರೆ ಹೋದರೆ ಸೀಲು ಪೋರ್ಟಿನೊಳಕ್ಕೇ ಇಳಿದು ಮುರಿಯುತ್ತದೆ. ಆಳಕ್ಕೆ ಕೆತ್ತಿದರೆ ಹಿಂದೆ ನೀರಿನ ದಾರಿ. ಗೋಡೆ ತೂತಾದರೆ ಆ ಫಲಕ ಗುಜರಿಗೆ. ಮುಚ್ಚುವ ಅಂಚನ್ನು ಸ್ವಲ್ಪ ಇಳಿಜಾರು ಮಾಡದಿದ್ದರೆ ಸೀಲು ಪ್ರತಿ ಸುತ್ತಿಗೂ ಅಲ್ಲಿ ಎಡವುತ್ತದೆ.

ಇನ್ನೊಂದು ಲೆಕ್ಕ. ಆ ಕಾರಿನ ಟರ್ಬೊ ವಾತಾವರಣದ ಮೇಲೆ ಸುಮಾರು 0.7 ಬಾರ್ ಒತ್ತಡ ಕೊಡುತ್ತದೆ, ಒಟ್ಟು 1.7 ಬಾರ್. ಅದನ್ನು 0.8ಕ್ಕೆ ಏರಿಸಿದರೆ ಒಟ್ಟು 1.8. ಉಷ್ಣತೆ ಅಷ್ಟೇ ಇದ್ದರೆ ಗಾಳಿ ಸುಮಾರು ನೂರಕ್ಕೆ 6ರಷ್ಟು ಹೆಚ್ಚು. ಇಂಧನವನ್ನೂ ಅದಕ್ಕೆ ಸರಿಯಾಗಿ ಹೆಚ್ಚಿಸಬೇಕು, ಇಲ್ಲದಿದ್ದರೆ ಮತ್ತೆ ಸಿಡಿತ. ಸರಿಹೋಗಲಿಲ್ಲವೋ, ವಾಪಸು 0.7ಕ್ಕೆ ಇಳಿಸಿದರಾಯಿತು. ಉಜ್ಜಿ ತೆಗೆದ ಬೀಡುಕಬ್ಬಿಣವನ್ನು ಹೀಗೆ ವಾಪಸು ಇಡಲು ಬರುವುದಿಲ್ಲ.

ನಿಮ್ಮಲ್ಲಿ ಕೆಲವರು ನಾಳೆ ಐಟಿಐಗೆ ಹೋಗುತ್ತೀರಿ, ಗ್ಯಾರೇಜು ಇಡುತ್ತೀರಿ. ರೋಟರಿ ಕಾರು ನಿಮ್ಮ ಕೈಗೆ ಬರುವುದು ಕಷ್ಟ, ಆದರೆ ಆರ್‌ಎಕ್ಸ್ 100ರ ಸಿಲಿಂಡರ್ ಹಿಡಿದುಕೊಂಡು “ಅಣ್ಣಾ, ಪೋರ್ಟ್ ಸ್ವಲ್ಪ ದೊಡ್ಡದು ಮಾಡಿ ಕೊಡಿ” ಎನ್ನುವವರು ಬಂದೇ ಬರುತ್ತಾರೆ. ನೋಂದಣಿ ಪತ್ರದ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, ಅದು ಗೊತ್ತಿರಲಿ. ಅದಕ್ಕೂ ಮೊದಲು ಒಂದು ಅಂಚು ಸರಿಸಿದರೆ ಎಷ್ಟು ಡಿಗ್ರಿ ಸರಿಯುತ್ತದೆ ಅಂತ ಕೈಯಾರೆ ಮಾಡಿ ನೋಡಿ.

ದಪ್ಪ ರಟ್ಟು, ಕೈವಾರ, ಕೋನಮಾಪಕ ಸಾಕು. ಒಂದು ಬಿಂದುವಿನ ಸುತ್ತ 1.5 ಸೆಂ.ಮೀ. ತ್ರಿಜ್ಯದ ಸಣ್ಣ ವೃತ್ತ ಎಳೆಯಿರಿ. ರೋಟರಿನ ಕೇಂದ್ರ ಈ ವೃತ್ತದ ಮೇಲೆ ಓಡುತ್ತದೆ. ಕೇಂದ್ರ 30 ಡಿಗ್ರಿ ಸರಿದಾಗ ರೋಟರ್ ಅದೇ ದಿಕ್ಕಿಗೆ 10 ಡಿಗ್ರಿ ಮಾತ್ರ ತಿರುಗುತ್ತದೆ. ಪ್ರತಿ ಸಲವೂ ಕೇಂದ್ರದಿಂದ 10.5 ಸೆಂ.ಮೀ. ದೂರಕ್ಕೆ ಮೂರು ತುದಿಗಳನ್ನು ಗುರುತಿಸುತ್ತಾ ಹೋದರೆ ನೆಲಗಡಲೆಯ ಆಕಾರ ತಾನಾಗಿ ಮೂಡುತ್ತದೆ. ಅದರೊಳಗೆ ಒಂದು ಪೋರ್ಟ್ ಬರೆದು, ರಟ್ಟಿನ ರೋಟರ್ ಅದನ್ನು ಎಷ್ಟನೇ ಡಿಗ್ರಿಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಬರೆದುಕೊಳ್ಳಿ. ಆಮೇಲೆ ಅಂಚನ್ನು 3 ಮಿ.ಮೀ. ಸರಿಸಿ ಮತ್ತೆ ಅಳೆಯಿರಿ.