ಇದು ಎಚ್‌ಟಿಟಿಪಿಎಸ್ ಅಂತ ಹೇಳಿದ್ದು ಯಾರು?

ಕಳೆದ ನವೆಂಬರ್‌ನಲ್ಲಿ ಸಂಘದ ರಾಜ್ಯೋತ್ಸವಕ್ಕೆ ನೋಂದಣಿ ವೆಬ್‌ಸೈಟ್ ಮಾಡಿದ್ವಲ್ಲ, ಅದರ ಕಥೆ ಇದು. ಬನಶಂಕರಿಯ ಒಂದು ರೂಮಿನಲ್ಲಿ ಕೂತು ರಾತ್ರಿ ಎರಡು ಗಂಟೆಗೆ ಲೈವ್ ಮಾಡಿದ್ವಿ. ಮುಂದೆ ರಿವರ್ಸ್ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್, ಹಿಂದೆ ಜಾಂಗೋ. 'ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೇ ಕಳಿಸು' ಅನ್ನೋ ಸೆಟ್ಟಿಂಗನ್ನು ಜಾಂಗೋದಲ್ಲಿ ಆನ್ ಮಾಡಿದ್ದೇ ತಡ, ಸೈಟು ಗಿರಗಿರ ಸುತ್ತತೊಡಗಿತು. ರೀಡೈರೆಕ್ಟ್ ಜಾಸ್ತಿ ಆಯ್ತು ಅಂತ ಬ್ರೌಸರ್ ಕೈಚೆಲ್ಲಿತು.

ಕಾರಣ ಸರಳ. ಟಿಎಲ್‌ಎಸ್ ಮುಗಿಯುವುದು ಎಂಜಿನ್‌ಎಕ್ಸ್‌ನಲ್ಲೇ. ಅಲ್ಲಿಂದ ಒಳಗೆ ಜಾಂಗೋಗೆ ಬರೋದು ಬರೀ ಎಚ್‌ಟಿಟಿಪಿ. ಜಾಂಗೋ 'ಎಚ್‌ಟಿಟಿಪಿಎಸ್‌ನಲ್ಲಿ ಬಾ' ಅನ್ನುತ್ತೆ, ಬ್ರೌಸರ್ ಅದರಲ್ಲೇ ಮತ್ತೆ ಬರುತ್ತೆ, ಜಾಂಗೋಗೆ ಕಾಣೋದು ಮತ್ತೆ ಎಚ್‌ಟಿಟಿಪಿ. ಹೊರಗಿನ ಸಂಪರ್ಕ ಹೇಗಿತ್ತು ಅಂತ ಪ್ರಾಕ್ಸಿಯೇ ಹೇಳಬೇಕು. ಅದಕ್ಕಿರೋದು ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್. ಹುಡುಕಿದ್ವಿ, ಎಂಜಿನ್‌ಎಕ್ಸ್‌ಗೆ ಒಂದು ಸಾಲು, ಜಾಂಗೋಗೆ ಒಂದು ಸಾಲು ಕಾಪಿ ಹೊಡೆದ್ವಿ, ಕೆಲಸ ಮಾಡ್ತು, ಮಲಗಿದ್ವಿ.

ಎರಡು ದಿನಕ್ಕೆ ಬಿಟಿಎಂ ಲೇಔಟ್‌ನ ಪಿಜಿಯಲ್ಲಿರೋ ಜೂನಿಯರ್ ಒಬ್ಬನ ಮೆಸೇಜ್: "ಅಣ್ಣಾ, ನಿಮ್ಮ ಅಡ್ಮಿನ್ ಪೇಜ್ ಬರೀ ಎಚ್‌ಟಿಟಿಪಿಯಲ್ಲೇ ಬರ್ತಿದೆ." ಅವನು ಮಾಡಿದ್ದಿಷ್ಟೇ: ಕರ್ಲ್‌ನಲ್ಲಿ ಆ ಹೆಡರನ್ನು ತಾನೇ ಬರೆದು ಕಳಿಸಿದ್ದ. ಜಾಂಗೋ ನಂಬಿಬಿಟ್ಟಿತ್ತು.

ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಗೇಟು ನೆನೆಸಿಕೊಳ್ಳಿ. ವಾಚ್‌ಮ್ಯಾನ್ ಇಂಟರ್‌ಕಾಮ್‌ನಲ್ಲಿ "ಐಡಿ ನೋಡಿದೀನಿ ಮೇಡಂ, ಕಳಿಸ್ಲಾ?" ಅಂದ್ರೆ ನಂಬಬಹುದು. ಬಂದವನೇ 'ಐಡಿ ನೋಡಲಾಗಿದೆ' ಅಂತ ಚೀಟಿ ಬರ್ಕೊಂಡು ಬಂದು, ವಾಚ್‌ಮ್ಯಾನ್ ಅದನ್ನೇ ಮೇಲಕ್ಕೆ ಕಳಿಸಿದ್ರೆ?

ನಮ್ಮ ವಾಚ್‌ಮ್ಯಾನ್ ಮಾಡಿದ್ದು ಅದನ್ನೇ. ಸರ್ವರ್ ಬ್ಲಾಕ್‌ನಲ್ಲಿ ಹೆಡರ್ ಸರಿಯಾಗಿಯೇ ಬರೆದಿದ್ವಿ. ಆದ್ರೆ ಅಡ್ಮಿನ್‌ನ ಲೊಕೇಶನ್ ಬ್ಲಾಕ್‌ನಲ್ಲಿ ಬೇರೇನಕ್ಕೋ ಒಂದು ಪ್ರಾಕ್ಸಿ-ಸೆಟ್-ಹೆಡರ್ ಸಾಲು ಸೇರಿಸಿದ್ವಿ. ಎಂಜಿನ್‌ಎಕ್ಸ್‌ನ ನಿಯಮ ಏನಪ್ಪಾ ಅಂದ್ರೆ, ಒಳಗಿನ ಬ್ಲಾಕ್‌ನಲ್ಲಿ ಅಂಥದ್ದು ಒಂದೇ ಒಂದು ಸಾಲಿದ್ರೂ ಮೇಲಿನ ಬ್ಲಾಕ್‌ನ ಅಂಥ ಸಾಲುಗಳು ಯಾವುವೂ ಕೆಳಗೆ ಇಳಿಯಲ್ಲ. ಬಂದವನ ಚೀಟಿ ಹಾಗೇ ಒಳಗೆ ಹೋಗುತ್ತೆ. ದಾಖಲೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಓದದೇ ಇದ್ದದ್ದು ನಾವು. ಜೊತೆಗೆ 80 ಮತ್ತು 443 ಎರಡೂ ಪೋರ್ಟನ್ನು ಒಂದೇ ಬ್ಲಾಕ್‌ಗೆ ಕೊಟ್ಟು, ರೀಡೈರೆಕ್ಟ್ ಕೆಲಸವನ್ನು ಜಾಂಗೋ ತಲೆಗೆ ಕಟ್ಟಿದ್ದೂ ನಾವೇ.

'ಸುಳ್ಳು ಹೇಳಿದವನ ಪಾಸ್‌ವರ್ಡೇ ತಾನೆ ಬಯಲಾಗೋದು, ನಮಗೇನು?' ಅಂತ ನಮ್ಮಲ್ಲೇ ಒಬ್ಬರು ವಾದಿಸಿದರು. ಈ ಒಂದು ಹೆಡರ್ ಮಟ್ಟಿಗೆ ಅದು ಮುಕ್ಕಾಲು ಪಾಲು ನಿಜ. ಆದ್ರೆ ಐಪಿ ವಿಳಾಸ ಬರೋದೂ ಇದೇ ದಾರೀಲಿ. ಕಿರುಚಿತ್ರ ಸ್ಪರ್ಧೆಗೆ 'ಒಂದು ಐಪಿಗೆ ಒಂದು ವೋಟು' ಅಂತ ಇಟ್ಟಿದ್ರೆ, ಎಕ್ಸ್-ಫಾರ್ವರ್ಡೆಡ್-ಫಾರ್ ಬದಲಾಯಿಸುತ್ತಾ ಒಬ್ಬನೇ ಗೆಲ್ಲಿಸಬಹುದು. ಕ್ಲೈಂಟ್ ಸರ್ಟಿಫಿಕೇಟ್ ನೋಡಿ ಲಾಗಿನ್ ಕೊಡೋ ಕಡೆಯಂತೂ ಹೆಡರ್ ಸುಳ್ಳಾದ್ರೆ ಬೇರೆಯವರ ಹೆಸರಲ್ಲೇ ಒಳಗೆ ಬಂದಂತೆ. 2023ರಲ್ಲಿ ಬಂದ ಆರ್‌ಎಫ್‌ಸಿ 9440 ಈ ಸರ್ಟಿಫಿಕೇಟ್ ದಾಟಿಸಲೆಂದೇ ಒಂದು ಹೆಡರ್ ಕೊಟ್ಟಿದೆ. ಹೊರಗಿಂದ ಅದೇ ಹೆಸರಲ್ಲಿ ಬಂದದ್ದನ್ನು ಪ್ರಾಕ್ಸಿ ಮೊದಲು ಅಳಿಸಲೇಬೇಕು ಅನ್ನೋದು ಅದರ ಷರತ್ತು.

ಹಾಗಾಗಿ ನಮ್ಮ ಒತ್ತಾಯ: ಪ್ರಾಜೆಕ್ಟ್ ರಿವ್ಯೂನಲ್ಲಿ ಟಿಎಲ್‌ಎಸ್ ಹ್ಯಾಂಡ್‌ಶೇಕ್‌ನ ಚಿತ್ರ ಬಿಡಿಸಿ ಅನ್ನೋದರ ಜೊತೆಗೆ, 'ನಿಮ್ಮ ಟಿಎಲ್‌ಎಸ್ ಎಲ್ಲಿ ಮುಗಿಯುತ್ತೆ? ಅಲ್ಲಿಂದ ಮುಂದೆ ಆ್ಯಪ್ ಯಾರ ಮಾತು ನಂಬುತ್ತೆ?' ಅಂತಲೂ ಕೇಳಲಿ. ಎಕ್ಸ್‌ಪ್ರೆಸ್‌ನಲ್ಲಿ 'ಟ್ರಸ್ಟ್ ಪ್ರಾಕ್ಸಿ'ಗೆ ಸುಮ್ನೆ ಟ್ರೂ ಅಂತ ಹಾಕಿದವರು ಯಾಕೆ ಅಂತ ಹೇಳಲಿ. ಎದುರಿಗೆ ಎಷ್ಟು ಪ್ರಾಕ್ಸಿ ಇದೆ ಅಂತ ಎಣಿಸಿ ಆ ಸಂಖ್ಯೆ ಕೊಡೋಕೆ ಅಲ್ಲೇ ಅವಕಾಶ ಇದೆ. ಡಾಕರ್‌ನಲ್ಲಿ 8000:8000 ಅಂತ ಬರೆದವರು, ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಆ್ಯಪ್‌ಗೆ ಬರೋ ಹಿಂಬಾಗಿಲನ್ನೂ ತೆಗೆದಿಟ್ಟಿದ್ದೀವಾ ಅಂತ ನೋಡ್ಕೊಳ್ಳಲಿ.

ನಾವು ಈಗ 80ನ್ನು ಬೇರೆ ಬ್ಲಾಕ್ ಮಾಡಿ, ಅಲ್ಲಿಂದಲೇ ರೀಡೈರೆಕ್ಟ್ ಮಾಡ್ತಿದ್ದೀವಿ. ಹೆಡರ್ ಸಾಲುಗಳೆಲ್ಲ ಒಂದೇ ಫೈಲಿನಲ್ಲಿವೆ, ಪ್ರತಿ ಲೊಕೇಶನ್ನೂ ಅದನ್ನೇ ಇನ್‌ಕ್ಲೂಡ್ ಮಾಡುತ್ತೆ. ಜಾಂಗೋ 127.0.0.1 ಬಿಟ್ಟು ಬೇರೆಲ್ಲೂ ಕೇಳಿಸಿಕೊಳ್ಳಲ್ಲ. ಆ ಜೂನಿಯರ್ ಈಗ ನಮ್ಮ ವೆಬ್ ಟೀಮಲ್ಲೇ ಇದ್ದಾನೆ. ಹೊಸ ಸೈಟು ಯಾವುದೇ ಬರಲಿ, ಮೊದಲ ಕರ್ಲ್ ಅವನದೇ.